94ರಲ್ಲೇ ನಿಂತ ಸ್ಪೀಡು: ರೂಟರ್ ಕೊಳ್ಳುವ ಮುಂಚೆ ವೈರ್ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ಇಂಟರ್ನೆಟ್ ಕಂಪನಿ ಬೇರೆ, ರೂಟರ್ ಬೇರೆ. ನಂಬರ್ ಮಾತ್ರ ಒಂದೇ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ರ ಪ್ಲಾನ್ ಹಾಕಿಸಿದೆ. ಸ್ಪೀಡ್ ಟೆಸ್ಟ್ ಮಾಡಿದರೆ 93, 94. ರೂಟರ್ ಪಕ್ಕದಲ್ಲೇ ಕೂತರೂ 94. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೂ 94. ಲೈನ್ ನೋಡಲು ಬಂದ ಹುಡುಗ ವೈಫೈ 6 ರೂಟರ್ ತಗೊಳ್ಳಿ ಅಂದ. ಅಂಗಡಿಯವರು ವೈಫೈ 7 ತಗೊಳ್ಳಿ ಅನ್ನುತ್ತಿದ್ದಾರೆ. ಯಾವುದು ತಗೊಳ್ಳಲಿ? (ಹಾಸನದ ಓದುಗರು)

ಸದ್ಯಕ್ಕೆ ಯಾವುದೂ ಬೇಡ. ದುಡ್ಡು ಜೇಬಲ್ಲೇ ಇರಲಿ.

ಪ್ಲಾನ್ ನಿಜವಾಗಿ ಬದಲಾಗಿದೆಯೋ ಇಲ್ಲವೋ ಕಂಪನಿಯ ಆ್ಯಪ್‌ನಲ್ಲಿ ನೋಡಿದ್ದೀರಿ ಅಂದುಕೊಂಡೇ ಬರೆಯುತ್ತಿದ್ದೇನೆ. ನೋಡಿಲ್ಲದಿದ್ದರೆ ಮುಂದೆ ಓದಬೇಡಿ, ಮೊದಲು ಅದನ್ನು ನೋಡಿ ಬನ್ನಿ.

ತೊಂದರೆ ವೈಫೈಯದ್ದಾದರೆ ನಂಬರ್ ಕುಣಿಯುತ್ತದೆ. ಒಮ್ಮೆ 140, ಇನ್ನೊಮ್ಮೆ 60, ರೂಮಿನ ಬಾಗಿಲು ಹಾಕಿದರೆ 35. ನಿಮ್ಮದು ಕುಣಿಯುತ್ತಿಲ್ಲ. ಹಗಲು ರಾತ್ರಿ ಒಂದೇ ಕಡೆ ಬೇಲಿ ಹಾಕಿದ ಹಾಗೆ ನಿಂತಿದೆ. ಗಾಳಿಯಲ್ಲಿ ಹೋಗುವ ಸಿಗ್ನಲ್ ಇಷ್ಟು ಶಿಸ್ತಾಗಿ ಇರುವುದಿಲ್ಲ. ಇದು ವೈರಿನ ಕೆಲಸ. ಬೀದಿಯಿಂದ ಫೋನ್‌ವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ 100 ಎಂಬಿಪಿಎಸ್‌ನ ಕೊಂಡಿ ಕೂತಿದೆ.

100 ಆದರೆ 94 ಯಾಕೆ ತೋರಿಸುತ್ತದೆ? ಅಡಿಕೆ ಮಂಡಿಯಲ್ಲಿ ಚೀಲದ ತೂಕ ಕಳೆಯುತ್ತಾರಲ್ಲ, ಅದೇ ಲೆಕ್ಕ. ಈಥರ್ನೆಟ್ (ಲ್ಯಾನ್) ವೈರಿನಲ್ಲಿ ಡೇಟಾ ಚೀಲ ಚೀಲವಾಗಿ ಹೋಗುತ್ತದೆ. ತುಂಬಿದ ಒಂದು ಚೀಲ ವೈರಿನ ಮೇಲೆ 1538 ಬೈಟ್ ಜಾಗ ಹಿಡಿಯುತ್ತದೆ. ವಿಳಾಸ, ತಪ್ಪು ಹಿಡಿಯುವ ಅಂಕಿ, ಎರಡು ಚೀಲದ ನಡುವೆ ಬಿಡುವ ಸಂದು, ಎಲ್ಲ ಸೇರಿ. ಅದರೊಳಗೆ ನಿಮ್ಮ ಸರಕು ಸಾಮಾನ್ಯವಾಗಿ 1448 ಬೈಟ್. ಭಾಗಿಸಿ ನೋಡಿ, ನೂರಕ್ಕೆ 94.1 ಬರುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಪಿಪಿಪಿಒಇ ಲೈನ್ ಆದರೆ ಇನ್ನೂ 8 ಬೈಟ್ ಹೋಗುತ್ತದೆ, 93.6 ಉಳಿಯುತ್ತದೆ. ನಿಮ್ಮ 93, 94 ಎರಡೂ ಸಿಕ್ಕಿತಲ್ಲ. ಸ್ಪೀಡ್ ಟೆಸ್ಟ್‌ನಲ್ಲಿ ಈ ನಂಬರ್ ಕಂಡರೆ ನಾನು ಮನೆಗೆ ಹೋಗುವ ಮುಂಚೆಯೇ ವೈರಿನ ತುದಿಗೆ ಪಿನ್ ಒತ್ತುವ ಕ್ರಿಂಪಿಂಗ್ ಟೂಲ್ ಬ್ಯಾಗಿಗೆ ಹಾಕಿಕೊಳ್ಳುತ್ತೇನೆ.

ಹೋದ ತಿಂಗಳು ಭದ್ರಾವತಿಯಲ್ಲಿ ಒಬ್ಬರು ನಿವೃತ್ತ ಮೇಷ್ಟರ ಮನೆ. ಆಗಲೇ 9,000 ರೂಪಾಯಿಯ ಹೊಸ ರೂಟರ್ ತಂದಿದ್ದರು. ನಾಲ್ಕು ಆ್ಯಂಟೆನಾ, ನೋಡಲು ಮಗುಚಿದ ಏಡಿಯ ಹಾಗೆ. ಸ್ಪೀಡು 94. ಮೇಷ್ಟರು ಸಿಟ್ಟಾಗಿದ್ದರು, ನನಗೆ ನಗು. ಫೈಬರ್ ಬಾಕ್ಸಿನಿಂದ ರೂಟರಿಗೆ ಹೋಗುವ ಮೊಳದುದ್ದದ ವೈರ್ ಕಿತ್ತು ಕಿಟಕಿ ಬೆಳಕಿಗೆ ಹಿಡಿದೆ. ವೈರಿನ ತುದಿಯ ಆರ್‌ಜೆ45 ಪಿನ್ ಪಾರದರ್ಶಕ ಪ್ಲಾಸ್ಟಿಕ್, ಒಳಗಿನ ಎಳೆ ಕಾಣುತ್ತದೆ. ಎಂಟು ಇರಬೇಕಾದಲ್ಲಿ ನಾಲ್ಕೇ ಇದ್ದವು. ನೀಲಿ ಜೋಡಿ, ಕಂದು ಜೋಡಿ ಎರಡನ್ನೂ ಹಿಂದಕ್ಕೆ ಮಡಚಿ ಕಪ್ಪು ಟೇಪು ಸುತ್ತಿದ್ದರು.

ಹಾಗೆ ಮಾಡಿದರೂ ಇಂಟರ್ನೆಟ್ ಬರುತ್ತದೆ, ಅದೇ ತೊಂದರೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು. 1999ರಲ್ಲಿ ತಾಮ್ರದ ವೈರಿಗೆ ಗಿಗಾಬಿಟ್ ನಿಯಮ ಬಂದಾಗಿನಿಂದ ಇದು ಹೀಗೇ ಇದೆ. ಒಂದು ಎಳೆ ಕೈಕೊಟ್ಟರೂ ಬಹಳಷ್ಟು ಸಾಧನಗಳು ಸುಮ್ನೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಕೆಂಪು ದೀಪ ಇಲ್ಲ, ಎಚ್ಚರಿಕೆ ಇಲ್ಲ. ಪ್ಲಾನ್ 50 ಇದ್ದಾಗ ಯಾರಿಗೂ ಗೊತ್ತಾಗಲಿಲ್ಲ. ಪ್ಲಾನ್ ಮೇಲೆ ಹೋದಾಗ ಹಳೇ ಪಾಪ ಹೊರಗೆ ಬಂತು.

ತುದಿ ಕತ್ತರಿಸಿ, ಎಳೆಗಳನ್ನು ಬಿಡಿಸಿ ಸಾಲಾಗಿ ಹಿಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊಸ ಪಿನ್ ಒಳಗೆ ತಳ್ಳಿ ಒಂದು ಒತ್ತು. ಇನ್ನೊಂದು ತುದಿಗೂ ಹಾಗೇ. ಐದು ನಿಮಿಷದ ಕೆಲಸ, ಕೆಲವೇ ರೂಪಾಯಿಯ ಪಿನ್. ಟೆಸ್ಟ್ ಮಾಡಿದರೆ 287. ಅಲ್ಲಿಗೇ ಬಿಡದೆ ಹಳೇ ರೂಟರನ್ನು ಅಟ್ಟದಿಂದ ಇಳಿಸಿ ಅದೇ ವೈರಿಗೆ ಹಾಕಿದೆ. ಹಾಲ್‌ನಲ್ಲಿ 281. ಮೇಷ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಫಿ ಬಂತು.

ನಿಮ್ಮ ಮನೆಯಲ್ಲಿ ಹುಡುಕಬೇಕಾದ ಜಾಗ ಮೂರೇ. ವೈರಿನ ಕಥೆ ಹೇಳಿಯಾಯಿತು. ಪಿನ್‌ನಲ್ಲಿ ಎಂಟು ಎಳೆ ಕಂಡರೂ ನಂಬಬೇಡಿ. ಬಾಗಿಲ ಸಂದಿಯಲ್ಲಿ ಜಜ್ಜಿರಬಹುದು, ಇಲಿ ಕಡಿದಿರಬಹುದು, ಅಥವಾ ವೈರೇ ಕಳಪೆ ಇರಬಹುದು. ಅಲ್ಯೂಮಿನಿಯಂ ಎಳೆಗೆ ಮೇಲೆ ತಾಮ್ರ ಬಳಿದು ಕ್ಯಾಟ್ 6 (ಕ್ಯಾಟ್ ನಂಬರ್ ಅಂದರೆ ವೈರಿನ ದರ್ಜೆ) ಅಂತ ಅಚ್ಚು ಹಾಕಿ ಮಾರುತ್ತಾರೆ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದೇ ಮಾಲು. ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಒಳ್ಳೇ ತಾಮ್ರದ ಕ್ಯಾಟ್ 5ಇ ವೈರ್ 100 ಮೀಟರ್‌ವರೆಗೆ ಗಿಗಾಬಿಟ್ ಸಾಗಿಸುತ್ತದೆ. ಆನ್‌ಲೈನ್‌ನಲ್ಲಿ ಕ್ಯಾಟ್ 8 ಅಂತ ಹೆಣೆದ ಜಡೆಯಂಥ ವೈರ್ ಬರುತ್ತದಲ್ಲ, ಅದು ಮನೆಗೆ ಬೇಡ.

ಎರಡನೇ ಜಾಗ ಫೈಬರ್ ಬಾಕ್ಸ್. ಹಿಂದುಗಡೆ ಒಂದೇ ಥರ ಕಾಣುವ ಎರಡು ಮೂರು ಪೋರ್ಟ್ ಇರುತ್ತವೆ. ಎಷ್ಟೋ ಬಾಕ್ಸುಗಳಲ್ಲಿ ಒಂದು ಮಾತ್ರ ಗಿಗಾಬಿಟ್, ಉಳಿದವು 100. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಜಿಇ, ಎಫ್‌ಇ ಅಂತ ಬರೆದಿರುತ್ತದೆ. ಜಿಇ ಅಂದರೆ ಗಿಗಾಬಿಟ್, ಎಫ್‌ಇ ಅಂದರೆ 100. ನಿಮ್ಮ ವೈರ್ ಎಫ್‌ಇಯಲ್ಲಿ ಇದ್ದರೆ ಕಿತ್ತು ಜಿಇಗೆ ಹಾಕಿ, ಖರ್ಚು ಸೊನ್ನೆ. ನೆಟ್ ಬರಲಿಲ್ಲ ಅಂದರೆ ಆ ಪೋರ್ಟನ್ನು ಕಂಪನಿಯವರು ಬೇರೆ ಕೆಲಸಕ್ಕೆ ಕಟ್ಟಿದ್ದಾರೆ ಅಂತ. ಫೋನ್ ಮಾಡಿ ಬದಲಾಯಿಸಿಕೊಡಿ ಅನ್ನಿ. ಬಾಕ್ಸಿನ ಎಲ್ಲ ಪೋರ್ಟೂ ಎಫ್‌ಇ ಆಗಿದ್ದರೆ ಬಾಕ್ಸನ್ನೇ ಬದಲಾಯಿಸಿಕೊಡಿ ಅಂತ ಜಗಳ ಮಾಡಿ. 300ರ ಪ್ಲಾನ್ ಮಾರಿದವರು 100ರ ಬಾಕ್ಸ್ ಇಟ್ಟು ಹೋದರೆ ಅದು ನಿಮ್ಮ ತಪ್ಪಲ್ಲ.

ಮೂರನೆಯದು ರೂಟರ್. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಎಸಿ1200 ಅಂತ ಇರುತ್ತದೆ. 1200 ಎಲ್ಲಿಂದ ಬಂತು? ವೈಫೈಗೆ ಎರಡು ಬ್ಯಾಂಡ್, ಅಂದರೆ ಎರಡು ರೇಡಿಯೋ ದಾರಿ. 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867, ಕೂಡಿಸಿದರೆ 1167, ಅದನ್ನು ಎಳೆದು 1200. ಎರಡೂ ಕಾಗದದ ಮೇಲಿನ ಗರಿಷ್ಠ. ಒಂದು ಫೋನಿಗೆ ಎರಡೂ ಕೂಡಿಸಿ ಸಿಗುವುದೂ ಇಲ್ಲ. ಹೋಗಲಿ ಬಿಡಿ. ಅದೇ ಡಬ್ಬದ ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ 10/100 ವ್ಯಾನ್ ಪೋರ್ಟ್ ಅಂತ ಇರುತ್ತದೆ. ವ್ಯಾನ್ ಅಂದರೆ ಹೊರಗಿನ ಇಂಟರ್ನೆಟ್ ವೈರ್ ಸಿಕ್ಕಿಸುವ ಪೋರ್ಟ್, 10/100 ಅಂದರೆ 100ರ ಮೇಲೆ ಹೋಗಲ್ಲ. ಅಂದರೆ ಮನೆಗೆ ಬರುವ ನಲ್ಲಿಯೇ ಅರ್ಧ ಇಂಚು, ಒಳಗೆ ಮಾತ್ರ ದೊಡ್ಡ ಟ್ಯಾಂಕು. ಇಂಥವು ಈಗಲೂ ಅಂಗಡಿಯಲ್ಲಿ ಸಿಗುತ್ತವೆ. ನಿಮ್ಮದು ಇದೇ ಆಗಿದ್ದರೆ ಮಾತ್ರ ರೂಟರ್ ಬದಲಾಯಿಸಿ. ಅಂಗಡಿಯಲ್ಲಿ ವೈಫೈ ಎಷ್ಟನೇ ನಂಬರ್ ಅಂತ ಕೇಳಬೇಡಿ, ವ್ಯಾನ್ ಪೋರ್ಟ್ ಗಿಗಾಬಿಟ್ಟಾ ಅಂತ ಕೇಳಿ. 300ರ ಪ್ಲಾನಿಗೆ ವೈಫೈ 5 ರೂಟರಿನ 5 ಗಿಗಾಹರ್ಟ್ಸ್ ಒಂದೇ ಕೋಣೆಯಲ್ಲಿ ಧಾರಾಳ ಸಾಕು. ಮನೆಯಲ್ಲಿ ಹತ್ತಿಪ್ಪತ್ತು ಸಾಧನ ಒಟ್ಟಿಗೆ ಓಡುತ್ತವೆ ಅಂದರೆ ವೈಫೈ 6 ತಗೊಳ್ಳಿ, ತಪ್ಪಿಲ್ಲ. ನಿಮ್ಮ ಫೋನಿಗೇ ವೈಫೈ 7 ಇಲ್ಲ ಅಂದಮೇಲೆ ಗೋಡೆಗೆ ಅದನ್ನು ಹಾಕಿ ಏನು ಮಾಡುತ್ತೀರಿ?

ಪತ್ತೆ ಮಾಡುವ ದಾರಿ ಸುಲಭ. ರೂಟರಿನ ಸೆಟ್ಟಿಂಗ್ಸ್ ಪೇಜಿನಲ್ಲಿ ವ್ಯಾನ್ ಅಥವಾ ಇಂಟರ್ನೆಟ್ ಪೋರ್ಟಿನ ಸ್ಪೀಡ್ ನೋಡಿ. ಅಲ್ಲಿ 1000 ಇರಬೇಕು. ಕೆಲವು ರೂಟರ್ ಇದನ್ನು ತೋರಿಸುವುದಿಲ್ಲ. ಆಗ ಫೈಬರ್ ಬಾಕ್ಸಿನ ಅದೇ ವೈರನ್ನು ಲ್ಯಾಪ್‌ಟಾಪಿಗೆ ಹಾಕಿ, ವಿಂಡೋಸ್ ಸೆಟ್ಟಿಂಗ್ಸ್‌ನ ಈಥರ್ನೆಟ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ಅಲ್ಲಿ 1000/1000 ಬಂದರೆ ಬಾಕ್ಸೂ ವೈರೂ ಸರಿ, ತಪ್ಪು ರೂಟರಿನದು. 100/100 ಬಂದರೆ ರೂಟರನ್ನು ಬೈಯಬೇಡಿ. ಒಂದು ಮಾತು: ಅಗ್ಗದ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬಳಸುತ್ತಿದ್ದರೆ ಅದೇ 100ರದ್ದು ಇರಬಹುದು. ಒಬ್ಬರು ಇದರಿಂದಲೇ ನನ್ನ ಒಂದು ಭಾನುವಾರ ತಿಂದರು.

ಇನ್ನು ಡಿಎನ್‌ಎಸ್ ಬದಲಾಯಿಸಿದರೆ ಸ್ಪೀಡ್ ಡಬಲ್ ಅನ್ನುವ ವಿಡಿಯೋಗಳು. ಡಿಎನ್‌ಎಸ್ ಅಂದರೆ ವಿಳಾಸ ಹುಡುಕಿಕೊಡುವ ಡೈರಿ. ಡೈರಿ ಬದಲಾಯಿಸಿದರೆ ರಸ್ತೆ ಅಗಲ ಆಗುತ್ತದಾ? ಆ್ಯಂಟೆನಾ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಕಟ್ಟುವವರಿಗೂ ಇದೇ ಉತ್ತರ. ಒಂದು ಕೋಣೆಗೆ ಸಿಗ್ನಲ್ ಸ್ವಲ್ಪ ತಿರುಗೀತು, ಇನ್ನೊಂದು ಕೋಣೆಯವರು ಬೈದಾರು, 94 ಮಾತ್ರ ಅಲ್ಲೇ ಇರುತ್ತದೆ.

ನಮ್ಮ ರೂಟರಿನಲ್ಲಿ 5ಜಿ ಅಂತ ಹೆಸರು ಬರುತ್ತಿದೆ. ನಮ್ಮ ಏರಿಯಾದಲ್ಲಿ ಮೊಬೈಲ್ 5ಜಿ ಇಲ್ಲವಲ್ಲ?

ಅದು 5 ಗಿಗಾಹರ್ಟ್ಸ್. ಮೊಬೈಲಿನ 5ಜಿ ಅಂದರೆ ಐದನೇ ತಲೆಮಾರು. ಹೆಸರಿಟ್ಟವರಿಗೆ ಬುದ್ಧಿ ಇರಲಿಲ್ಲ.

100 ಎಂಬಿಪಿಎಸ್ ಕೊಟ್ಟೆವು ಅನ್ನುತ್ತಾರೆ, ಡೌನ್‌ಲೋಡ್ 11, 12ರ ಮೇಲೆ ಹೋಗಲ್ಲ. ಮೋಸ ಅಲ್ವಾ?

ಅಲ್ಲ. ಅದು ಬಿಟ್, ಇದು ಬೈಟ್, ಎಂಟು ಬಿಟ್‌ಗೆ ಒಂದು ಬೈಟ್. ಎಂಟರಿಂದ ಭಾಗಿಸಿ. ಈ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ.

ಮೊಬೈಲಿಗೆ ರೇಡಿಯೇಷನ್ ತಡೆಯುವ ಸ್ಟಿಕರ್ ಅಂಟಿಸಬಹುದಾ?

ಸ್ಟಿಕರ್ ನಿಜವಾಗಿ ತಡೆದರೆ ಸಿಗ್ನಲ್ ಹೋಗಬೇಕು. ಸಿಗ್ನಲ್ ಹೋಗಿಲ್ಲ ಅಂದರೆ ಸ್ಟಿಕರ್ ತಡೆದಿಲ್ಲ. ಮಾರಿದವನ ಹತ್ತಿರ ದುಡ್ಡು ವಾಪಸ್ ಕೇಳಿ.

ಚಿನ್ನದ ಲೇಪ ಇರುವ ಎಚ್‌ಡಿಎಂಐ ಕೇಬಲ್‌ನಲ್ಲಿ ಬಣ್ಣ ಚೆನ್ನಾಗಿ ಬರುತ್ತದಾ?

ಚಿನ್ನಕ್ಕೆ ತುಕ್ಕು ಹಿಡಿಯಲ್ಲ, ಅಷ್ಟೇ. ಬಣ್ಣ ಟಿವಿಯದ್ದು.

ಎರಡೂ ಟೈಪ್ ಸಿ ಕೇಬಲ್. ಒಂದರಲ್ಲಿ ಫೈಲ್ ಕಾಪಿ ಬೇಗ ಆಗುತ್ತದೆ, ಇನ್ನೊಂದರಲ್ಲಿ ತೆವಳುತ್ತದೆ. ಯಾಕೆ?

ಟೈಪ್ ಸಿ ಅನ್ನುವುದು ಮೂತಿಯ ಆಕಾರ, ಒಳಗಿನ ವೇಗ ಅಲ್ಲ. ಫೋನ್ ಜೊತೆ ಬರುವ ಬಹಳಷ್ಟು ಕೇಬಲ್ ಚಾರ್ಜಿಂಗ್‌ಗೆ ಮಾಡಿದ್ದು. ಡೇಟಾ ವಿಷಯದಲ್ಲಿ ಇವತ್ತಿಗೂ ಯುಎಸ್‌ಬಿ 2, ಅಂದರೆ 480 ಎಂಬಿಪಿಎಸ್. ಬೇಗ ಓಡುವ ಕೇಬಲ್ ಸಿಕ್ಕಿದೆಯಲ್ಲ, ಅದಕ್ಕೆ ಬಣ್ಣದ ದಾರ ಕಟ್ಟಿ ಇಟ್ಟುಕೊಳ್ಳಿ. ನಾನೂ ಹಾಗೇ ಮಾಡಿದ್ದೇನೆ.

ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಕರೆಂಟ್ ಬರಲ್ಲ. ಗುಡುಗು ಬಂದಾಗ ಇನ್ನೂ ಪ್ಲಗ್ ಕೀಳಬೇಕಾ? (ಕೊಪ್ಪದ ಓದುಗರು)

ಕೀಳಬೇಕು. ಗಾಜಿನಲ್ಲಿ ಕರೆಂಟ್ ಬರಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಚಪ್ಪಟೆ ಕೇಬಲ್‌ಗೆ ಬಿಗಿ ಇರಲಿ ಅಂತ ಎಷ್ಟೋ ಕಡೆ ಒಳಗೆ ಉಕ್ಕಿನ ತಂತಿ ಇರುತ್ತದೆ. ಅಡಾಪ್ಟರ್ ಅಂತೂ ಮನೆಯ ಕರೆಂಟ್ ಲೈನಿನಲ್ಲೇ ಇದೆ. ಎಲ್ಲಕ್ಕಿಂತ ಕೆಟ್ಟದ್ದು ಹೊರಗಡೆ ಎಳೆದ ತಾಮ್ರದ ಲ್ಯಾನ್ ವೈರ್.

ಇದರಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೆದರುವವನು, ಕಾರಣ ಇದೆ. ಊರ ಮನೆಯಲ್ಲಿ ಜಗಲಿಯಿಂದ ಅಂಗಳ ದಾಟಿಸಿ ಅಡಿಕೆ ಮನೆಗೆ 40 ಮೀಟರ್ ಲ್ಯಾನ್ ವೈರ್ ಎಳೆದಿದ್ದೆ. ಕ್ಯಾಮೆರಾ ಹಾಕಲು. ಏಪ್ರಿಲ್ ಕೊನೆ, ಸಂಜೆ, ಮಳೆ ಇನ್ನೂ ಬಿದ್ದಿರಲಿಲ್ಲ. ಒಂದೇ ಸಿಡಿಲು, ಅದೂ ತೋಟದ ಆಚೆ. ಎರಡೂ ತುದಿಯ ಪೋರ್ಟ್ ಸುಟ್ಟವು, ಕ್ಯಾಮೆರಾ ಹೋಯಿತು, ಟಿವಿ ಬಾಕ್ಸೂ ಹೋಯಿತು. ವಿದ್ಯುತ್ ಪ್ಲಗ್ ಕಿತ್ತಿದ್ದೆ, ಲ್ಯಾನ್ ವೈರ್ ಕಿತ್ತಿರಲಿಲ್ಲ. ಈಗ ಅಂಗಳ ದಾಟಲು ಲೋಹವಿಲ್ಲದ ಫೈಬರ್ ಹಾಕಿದ್ದೇನೆ, ಎರಡು ಕಡೆ ಫೈಬರಿನ ಬೆಳಕನ್ನು ಲ್ಯಾನ್ ಸಿಗ್ನಲ್ ಮಾಡುವ ಮೀಡಿಯಾ ಕನ್ವರ್ಟರ್ ಇಟ್ಟಿದ್ದೇನೆ. ಆದರೂ ಪಶ್ಚಿಮಕ್ಕೆ ಮೋಡ ಕಪ್ಪಾದರೆ ಅಮ್ಮ ಒಳಗಿನಿಂದಲೇ ಕೂಗುತ್ತಾರೆ, "ನಿನ್ನ ಡಬ್ಬ ಕಿತ್ತಿದೀಯೇನೋ?" ಅಂತ. ನಾನು ಎದ್ದು ಹೋಗಿ ಕೀಳುತ್ತೇನೆ.