ಚಿಪ್ಪರ್ ಬ್ಲೇಡನ್ನು ಲಾರಿ ಕಮಾನು ಪಟ್ಟಿಯಲ್ಲಿ ಮಾಡಿಸಬಹುದಾ?

ಸಾಗರದ ಹತ್ತಿರ ಡ್ರಮ್ ಚಿಪ್ಪರ್ ಹಾಕಿದ್ದೀರಿ, ಅಂದರೆ ತಿರುಗುವ ಡ್ರಮ್ಮಿಗೆ ಬ್ಲೇಡ್ ಕೂರಿಸಿ ಮರವನ್ನು ಚೂರು (ಚಿಪ್ಸ್) ಮಾಡುವ ಯಂತ್ರ. ಅಕೇಶಿಯಾ, ಹಳೇ ಅಡಿಕೆ ಮರ ಎರಡನ್ನೂ ಅದಕ್ಕೆ ಕೊಡುತ್ತೀರಿ. ಬ್ಲೇಡ್ ಎರಡೇ ದಿನಕ್ಕೆ ಮೊಂಡಾಗುತ್ತಿದೆ, ಕಂಪನಿ ಬ್ಲೇಡ್ ದುಬಾರಿ, ಕಮಾನು ಪಟ್ಟಿಯಲ್ಲಿ ಮಾಡಿಸಲಾ ಅಂತ ಕೇಳಿದ್ದೀರಿ. ಬೇಡ. ಆದರೆ ಬರೀ ಬೇಡ ಅಂದರೆ ನಿಮಗೇನು ಉಪಯೋಗ ಅಲ್ವಾ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಒಂದು ಶೆಡ್ಡಿನಲ್ಲಿ ಇದೇ ಬ್ಲೇಡ್ ಮಾಡುವ, ಸಾಣೆ ಹಿಡಿಯುವ ಕೆಲಸ ನನ್ನದು.

ಕಮಾನು ಪಟ್ಟಿ ಕೆಟ್ಟ ಉಕ್ಕಲ್ಲ. ಊರ ಆಚಾರಿ ಅದರಲ್ಲಿ ಮಾಡಿಕೊಟ್ಟ ಕತ್ತಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಆದರೆ ಕತ್ತಿಯಲ್ಲಿ ದಿನಕ್ಕೆ ಎಷ್ಟು ಏಟು ಹೊಡೆದೀರಿ? ಡ್ರಮ್ಮಿನಲ್ಲಿ ಎರಡು ಬ್ಲೇಡ್ ಇದ್ದು, ನಿಮಿಷಕ್ಕೆ 800 ಸುತ್ತು ತಿರುಗಿದರೆ ಗಂಟೆಗೆ 96,000 ಏಟು. ಕಮಾನು ಪಟ್ಟಿಯಲ್ಲಿ ಇಂಗಾಲ ಅರ್ಧ ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ, ಕ್ರೋಮಿಯಂ ತೀರಾ ಕಡಿಮೆ. ಬಾಗುತ್ತದೆ, ಮುರಿಯುವುದಿಲ್ಲ, ಆದರೆ ಬೇಗ ಸವೆಯುತ್ತದೆ. ಚಿಪ್ಪರ್ ಬ್ಲೇಡಿಗೆಂದೇ ಇರುವ ಉಕ್ಕಿನಲ್ಲೂ ಇಂಗಾಲ ಹೆಚ್ಚುಕಮ್ಮಿ ಅಷ್ಟೇ. ಆದರೆ ಕ್ರೋಮಿಯಂ ಐದರಿಂದ ಎಂಟು ಪರ್ಸೆಂಟ್, ಜೊತೆಗೆ ಮಾಲಿಬ್ಡಿನಂ, ಕೆಲವದರಲ್ಲಿ ಟಂಗ್‌ಸ್ಟನ್ ಕೂಡ ಇರುತ್ತವೆ. ಸವೆತ ತಡೆಯುವುದು ಅವು.

ಇನ್ನು ಕೆಲವರು ಡಿ2 ಅನ್ನುವ ಟೂಲ್ ಸ್ಟೀಲ್ ಹಾಕಿಸಿ ಅನ್ನುತ್ತಾರೆ. ಅದರಲ್ಲಿ ಕ್ರೋಮಿಯಂ 12 ಪರ್ಸೆಂಟ್, ಸವೆತಕ್ಕೆ ಬಹಳ ಗಟ್ಟಿ. ಚೊಕ್ಕ ಮರ ಸಿಗುವ ಕಡೆ ಒಳ್ಳೆಯದೇ. ನಮ್ಮಲ್ಲಿ ಮರದ ಜೊತೆ ಬೇಲಿ ಮೊಳೆ, ತಂತಿ, ಕಲ್ಲು ಎಲ್ಲ ಬರುತ್ತದೆ. 60 ರಾಕ್‌ವೆಲ್‌ಗೆ (ಉಕ್ಕಿನ ಗಡಸುತನದ ಅಳತೆ) ಹದ ಮಾಡಿದ ಡಿ2 ಬ್ಲೇಡಿಗೆ ಒಂದು ಮೊಳೆ ಸಿಕ್ಕರೆ ಬಾಯಿ ಹಲ್ಲು ಬಿಟ್ಟಂತೆ ಕಿತ್ತು ಬರುತ್ತದೆ. ನಾನು 56ರಿಂದ 58ರ ಒಳಗೇ ನಿಲ್ಲಿಸುತ್ತೇನೆ. ಗಿರಾಕಿಗಳಿಗೆ ಇದು ಸಮಾಧಾನ ಇಲ್ಲ, ಇನ್ನೂ ಗಟ್ಟಿ ಮಾಡಿ ಅಂತಲೇ ಕೇಳುತ್ತಾರೆ. ಬದಲಾಯಿಸಲು ಬರುವಂತೆ ಬ್ಲೇಡ್ ಮಾಡಿರುವುದೇ ಅದು ಸವೆಯಲಿ ಅಂತ. ಸವೆಯಬಾರದ್ದು ಡ್ರಮ್ಮು, ಮತ್ತು ಬ್ಲೇಡ್ ಕೂರುವ ಜಾಗ.

ಬಾಯಿಯ ಕೋನದ ಲೆಕ್ಕವೂ ಇಷ್ಟೇ. ಸಾಮಾನ್ಯವಾಗಿ 30 ಡಿಗ್ರಿ ಆಸುಪಾಸು. ಚೂಪು ಮಾಡಿದಷ್ಟೂ ಮೋಟರ್ ಹಗುರಾಗಿ ಓಡುತ್ತದೆ, ಬಾಯಿ ಮಾತ್ರ ನಾಜೂಕಾಗುತ್ತದೆ. ಒಣಗಿದ ಅಕೇಶಿಯಾಗೆ ನಾನು 33–34 ಇಡುತ್ತೇನೆ. ಸಾಣೆ ಆದ ಮೇಲೆ ಎಣ್ಣೆ ಕಲ್ಲಿನಲ್ಲಿ ಬಾಯಿಯ ತುದಿಗೆ ಕೂದಲೆಳೆಯಷ್ಟು ಇನ್ನೊಂದು ಇಳಿಜಾರು ಕೊಡಿ. ಹತ್ತು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ. ಮೊದಲ ಗಂಟೆಯಲ್ಲೇ ಬಾಯಿ ಉದುರುವುದು ಇದರಿಂದ ನಿಲ್ಲುತ್ತದೆ.

ಈಗ ಎರಡು ದಿನದ ವಿಷಯ. ಉಕ್ಕಿಗಿಂತ ಮೊದಲು ನೀವು ಹಾಕುವ ಮರ ನೋಡಿ. ಅಡಿಕೆ, ತೆಂಗಿನ ಜಾತಿಯ ಮರಗಳ ನಾರಿನಲ್ಲೇ ಸಿಲಿಕಾ ಇರುತ್ತದೆ, ಅಂದರೆ ಮರಳಿನದೇ ಅಂಶ. ಎಂಥ ಬ್ಲೇಡನ್ನೂ ಅದು ಉಜ್ಜಿ ಹಾಕುತ್ತದೆ. ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂಗೆಂದು ಬೆಳೆಸಿದ ಅಕೇಶಿಯಾ ತೋಪುಗಳಿಂದ ಬರುವ ಮರದಲ್ಲಿ ತಕರಾರು ತೊಗಟೆಯದು. ಲೋಡ್ ಇಳಿಸುವಾಗ ನೆಲದ ಮೇಲೆ ಎಳೆದಾಡುತ್ತಾರೆ, ಮಳೆಗಾಲದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತದೆ. ಅಡಿಯಲ್ಲಿ ಎರಡು ದಿಮ್ಮಿ ಹಾಕಿ ಅದರ ಮೇಲೆ ರಾಶಿ ಮಾಡಿ. ಮರ ಹಸಿ ಇರುವಾಗಲೇ ಕಡಿಯಿರಿ. ಅಡಿಕೆಯನ್ನು ದಿನದ ಕೊನೆಗೆ, ಹೇಗೂ ಸಾಣೆಗೆ ಹೋಗಬೇಕಾದ ಬ್ಲೇಡಿನಲ್ಲಿ ಮುಗಿಸಿ.

ಆಮೇಲೆ ಅನ್ವಿಲ್ ನೋಡಿ. ಡ್ರಮ್ಮಿನ ಎದುರು ಅಲ್ಲಾಡದೆ ಕೂತಿರುವ ಪಟ್ಟಿ. ಕತ್ತರಿಗೆ ಎರಡು ಬಾಯಿ ಇದ್ದಂತೆ, ಚಿಪ್ಪರಿಗೂ ಎರಡು. ಎಲ್ಲರೂ ತಿರುಗುವ ಬಾಯಿಗೆ ಸಾಣೆ ಹಿಡಿಸುತ್ತಾರೆ, ನಿಂತ ಬಾಯಿಯ ಕಡೆ ಯಾರೂ ನೋಡುವುದಿಲ್ಲ. ಬ್ಲೇಡಿಗೂ ಅದಕ್ಕೂ ನಡುವೆ ಅರ್ಧದಿಂದ ಒಂದು ಮಿಲಿಮೀಟರ್ ಸಂದು ಇದ್ದರೆ ಸಾಕು. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ಫೀಲರ್ ಗೇಜನ್ನು (ಸಂದು ಅಳೆಯುವ ತೆಳು ತಗಡು) ಎಡ ತುದಿ, ನಡು, ಬಲ ತುದಿ ಮೂರೂ ಕಡೆ ಹಾಕಿ. ಸಂದು ಜಾಸ್ತಿಯಾದರೆ ಮರ ಕಡಿಯುವುದಿಲ್ಲ, ಮಡಚಿ ಹರಿಯುತ್ತದೆ. ಚಿಪ್ಸ್ ನಾರುನಾರಾಗುತ್ತದೆ, ಹುಡಿ ಜಾಸ್ತಿ ಬರುತ್ತದೆ, ಮೋಟರಿನ ಆಂಪಿಯರ್ ಏರುತ್ತದೆ. ನಾವು ಬ್ಲೇಡನ್ನು ಬೈಯುತ್ತೇವೆ.

ಸಾಣೆಯ ವಿಷಯದಲ್ಲಿ ನಾನೇ ಪಾಠ ಕಲಿತವನು. ಶುರುವಿನಲ್ಲಿ ನನ್ನ ಹತ್ತಿರ ಸರ್ಫೇಸ್ ಗ್ರೈಂಡರ್ ಇರಲಿಲ್ಲ, ಹೊರಗೆ ಕೊಡುತ್ತಿದ್ದೆ. ಒಂದು ಸಲ ವಾಪಸ್ ಬಂದ ಬ್ಲೇಡಿನ ಬಾಯಿಯಲ್ಲಿ ನೀಲಿ ಗೆರೆ ಇತ್ತು. ನೀರು ಬಿಡದೆ ಒಂದೇ ಏಟಿಗೆ ಜಾಸ್ತಿ ತೆಗೆದಿದ್ದರು. ನೀಲಿ ಬಂತು ಅಂದರೆ ಅಲ್ಲಿಯ ಹದ ಹೋಯಿತು ಅಂತ. ನೋಡಲು ಥಳಥಳ ಇತ್ತು, ಹಾಕಿಬಿಟ್ಟೆ. ಊಟದ ಹೊತ್ತಿಗೆ ಮೊಂಡು. ಇನ್ನೊಂದರಲ್ಲಿ ಕಣ್ಣಿಗೆ ಕಾಣದ ಸೀಳು ಬಿಟ್ಟಿತ್ತು, ಅದರ ತುಂಡು ಹಾರಿ ಡ್ರಮ್ಮಿನ ಮುಚ್ಚಳ (ಹುಡ್) ತೂತಾಯಿತು. ಪಕ್ಕದಲ್ಲಿ ಯಾರೂ ಇರಲಿಲ್ಲ, ಪುಣ್ಯ. ಈಗ ಕೂಲಂಟ್ ಧಾರಾಳ ಬಿಟ್ಟು, ಒಂದು ಸಲಕ್ಕೆ 0.02 ಮಿಲಿಮೀಟರಿನಂತೆ ತೆಗೆಯುತ್ತೇನೆ.

ಒಂದೇ ಬ್ಲೇಡಿನ ಬಾಯಿ ಹೋಗಿದ್ದರೂ ಸೆಟ್ ಪೂರ್ತಿ ಸಾಣೆಗೆ ಕೊಡಿ. ಒಂದರ ಅಗಲ ಕಡಿಮೆಯಾದರೆ ಡ್ರಮ್ಮಿನ ತೂಕ ಒಂದು ಕಡೆ ವಾಲುತ್ತದೆ, ಆ ಅದುರಿಗೆ ಬೇರಿಂಗ್ ಹೋಗುತ್ತದೆ. ಎದುರುಬದುರಿನ ಬ್ಲೇಡುಗಳನ್ನು ನಾನು ತಕ್ಕಡಿಯಲ್ಲಿಟ್ಟೇ ಕಳಿಸುವುದು. ಹತ್ತು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಿಡುವುದಿಲ್ಲ.

ಸಾಣೆ ಹಿಡಿದಂತೆ ಬ್ಲೇಡ್ ಕಿರಿದಾಗುತ್ತದೆ. ಹಳೇ ಯಂತ್ರಗಳಲ್ಲಿ ಬ್ಲೇಡಿನ ಬೆನ್ನಿಗೆ ಬ್ಯಾಬಿಟ್ ಅನ್ನುವ ಮೆತ್ತನೆಯ ಲೋಹ ಕರಗಿಸಿ ಹೊಯ್ದು ಕಳೆದ ಅಳತೆ ತುಂಬುತ್ತಿದ್ದರು. ಈಗ ಬೆನ್ನಿಗೆ ಅಡ್ಜಸ್ಟ್ ಮಾಡುವ ಸ್ಕ್ರೂ ಇರುತ್ತದೆ. ಎರಡೂ ಕಡೆ ಬಾಯಿ ಇರುವ, ತಿರುಗಿಸಿ ಹಾಕುವ ಸಣ್ಣ ಬ್ಲೇಡುಗಳೂ ಇವೆ. ಅವಕ್ಕೆ ಸಾಣೆ ಇಲ್ಲ, ಎರಡೂ ಬಾಯಿ ಮುಗಿದರೆ ಗುಜರಿಗೆ. ನಿಮ್ಮ ಡ್ರಮ್ಮಿಗೆ ಆ ಹೋಲ್ಡರ್ ಸಿಗುವುದಾದರೆ ನಾನು ಅದನ್ನೇ ಹೇಳುತ್ತೇನೆ, ನನ್ನ ಸಾಣೆ ವ್ಯಾಪಾರಕ್ಕೆ ಕಲ್ಲು ಬಿದ್ದರೂ. ಸಿಗದಿದ್ದರೆ ಮೂರು ಸೆಟ್ ಇಟ್ಟುಕೊಳ್ಳಿ: ಒಂದು ಯಂತ್ರದಲ್ಲಿ, ಒಂದು ಸಾಣೆಯಲ್ಲಿ, ಒಂದು ಕಪಾಟಿನಲ್ಲಿ.

ಬ್ಲೇಡ್ ಬದಲಿಸುವಾಗ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ. ಕರೆಂಟ್ ಹೋದ ಮೇಲೂ ಡ್ರಮ್ ಬಹಳ ಹೊತ್ತು ತಿರುಗುತ್ತದೆ. ಪೂರ್ತಿ ನಿಂತ ಮೇಲೆ ಅದು ತಿರುಗದಂತೆ ಬೆಣೆ ಹೊಡೆದು, ಆಮೇಲೆ ಕೈ ಹಾಕಿ. ಕೂರುವ ಜಾಗವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಅಡಿಯಲ್ಲಿ ಒಂದು ಚೂರು ಹುಡಿ ಉಳಿದರೂ ಬ್ಲೇಡ್ ಅಲ್ಲಿ ಎದ್ದು ಕೂರುತ್ತದೆ, ಬಿಗಿ ಮಾಡಿದಾಗ ಬಾಗುತ್ತದೆ, ಏಟು ಬಿದ್ದಾಗ ಸೀಳುತ್ತದೆ. ಬೋಲ್ಟನ್ನು ಪೈಪ್ ಹಾಕಿ ತಿರುಪಬೇಡಿ. ಎಷ್ಟು ಬಿಗಿಯಾಯಿತು ಅಂತ ಅಳತೆ ತೋರಿಸುವ ಟಾರ್ಕ್ ವ್ರೆಂಚ್ ಇರಲಿ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಬೀಗ ಹಾಕಿ, ಬೋಲ್ಟಿನ ಬಿಗಿ ಮತ್ತೊಮ್ಮೆ ನೋಡಿ.

ಮೊದಲು ನಿಮ್ಮ ಅನ್ವಿಲ್ಲಿನ ಒಂದು ಫೋಟೋ ಹಾಕಿ, ಅಂಚು ಕಾಣುವಂತೆ. ಬಹಳ ಯಂತ್ರಗಳಲ್ಲಿ ಅದನ್ನು ತಿರುಗಿಸಿ ಬೇರೆ ಅಂಚು ಬಳಸಬಹುದು. ನಿಮ್ಮದರಲ್ಲಿ ಅಂಚು ಉರುಟಾಗಿದ್ದು, ಇನ್ನೂ ಬಳಸದ ಅಂಚು ಉಳಿದಿದ್ದರೆ, ಸದ್ಯಕ್ಕೆ ಖರ್ಚು ಒಂದು ಸ್ಪ್ಯಾನರ್ ತಿರುಗಿಸುವಷ್ಟೇ.