ಪಟ್ಟಿಯಲ್ಲಿ ಇಲ್ಲದ ಅಧಿಕಾರ ಯಾರಿಗೆ ಸೇರುತ್ತದೆ?

ಒಕ್ಕೂಟ ವ್ಯವಸ್ಥೆಯಲ್ಲಿ ರಾಷ್ಟ್ರ ಸರ್ಕಾರಕ್ಕೆ ಯಾವ ಅಧಿಕಾರ, ರಾಜ್ಯಗಳಿಗೆ ಯಾವುದು ಎಂಬುದು ಸಂವಿಧಾನವನ್ನು ಓದಿದರೆ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ಅರ್ಧ ಮಾತ್ರ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ರಕ್ಷಣೆ, ವಿದೇಶಾಂಗ ವ್ಯವಹಾರ, ನಾಣ್ಯ ಸಾಮಾನ್ಯವಾಗಿ ರಾಷ್ಟ್ರ ಸರ್ಕಾರದ ಕೈಯಲ್ಲೇ ಇರುತ್ತವೆ. ಅಲ್ಲಿ ಹೆಚ್ಚು ವಿವಾದವಿಲ್ಲ. ತಕರಾರು ಏಳುವುದು ಯಾವ ಪಟ್ಟಿಗೂ ಸೇರದ ಶೇಷಾಧಿಕಾರದ ವಿಷಯದಲ್ಲಿ ಮತ್ತು ಎರಡೂ ಸರ್ಕಾರಗಳು ಹಕ್ಕು ಸಾಧಿಸುವ ವಿಷಯಗಳಲ್ಲಿ.

ಅಮೆರಿಕದ ಸಂವಿಧಾನವು ಅಲ್ಲಿನ ರಾಷ್ಟ್ರೀಯ ಶಾಸನಸಭೆಯಾದ ಕಾಂಗ್ರೆಸ್ಸಿನ ಅಧಿಕಾರಗಳನ್ನು ಎಣಿಸಿ ಹೇಳುತ್ತದೆ. ಉಳಿದವು ರಾಜ್ಯಗಳಿಗೆ ಇಲ್ಲವೇ ಜನರಿಗೆ ಸೇರಿದವು ಎನ್ನುತ್ತದೆ 1791ರ ಹತ್ತನೇ ತಿದ್ದುಪಡಿ. ಇಷ್ಟನ್ನೇ ಓದಿದವರಿಗೆ ಅಲ್ಲಿ ರಾಜ್ಯಗಳದ್ದೇ ಮೇಲುಗೈ ಎನಿಸುವುದು ಸಹಜ. ಆದರೆ ಓಹಿಯೋದ ರೈತ ರಾಸ್ಕೋ ಫಿಲ್ಬರ್ನ್ ಕೇಂದ್ರದ ಕಾನೂನು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ಗೋಧಿ ಬೆಳೆದು, ಹೆಚ್ಚುವರಿ ಬೆಳೆ ತನ್ನ ಜಮೀನಿನಲ್ಲೇ ಬಳಕೆಯಾಗುವುದರಿಂದ ಕಾಂಗ್ರೆಸ್ಸಿಗೆ ಅದರ ಮೇಲೆ ಅಧಿಕಾರವಿಲ್ಲವೆಂದು ವಾದಿಸಿದಾಗ, ಸುಪ್ರೀಂ ಕೋರ್ಟ್ 1942ರಲ್ಲಿ ಅದನ್ನು ಒಪ್ಪಲಿಲ್ಲ. ಒಬ್ಬನ ಬೆಳೆ ಅಲ್ಪವೇ ಆಗಿರಲಿ, ಅಂಥ ರೈತರೆಲ್ಲರದೂ ಸೇರಿದರೆ ಅಂತರರಾಜ್ಯ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ, ಆ ವ್ಯಾಪಾರ ಕಾಂಗ್ರೆಸ್ಸಿನ ವ್ಯಾಪ್ತಿಗೆ ಸೇರಿದ್ದು ಎಂಬುದು ತೀರ್ಪಿನ ತರ್ಕ. ಈ ತರ್ಕಕ್ಕೆ ಕೊನೆಯೆಲ್ಲಿ ಎಂದು ಯಾರಾದರೂ ಕೇಳಿಯಾರು. ಶಾಲೆಗಳ ಬಳಿ ಬಂದೂಕು ಇಟ್ಟುಕೊಳ್ಳುವುದನ್ನು ನಿಷೇಧಿಸಿದ್ದ ಕೇಂದ್ರ ಕಾನೂನನ್ನು 1995ರಲ್ಲಿ ಅದೇ ಕೋರ್ಟ್ ರದ್ದುಪಡಿಸಿ ಒಂದು ಮಿತಿಯನ್ನು ಹಾಕಿತು.

ಕೆನಡಾದ್ದು ಇದಕ್ಕೆ ತದ್ವಿರುದ್ಧ. ನೆರೆಯ ಅಮೆರಿಕದ ಅಂತರ್ಯುದ್ಧವನ್ನು ಕಣ್ಣಾರೆ ಕಂಡಿದ್ದ ಅಲ್ಲಿನ ನಾಯಕರು 1867ರಲ್ಲಿ ಶೇಷಾಧಿಕಾರವನ್ನು ಕೇಂದ್ರಕ್ಕೇ ಕೊಟ್ಟರು. ಆದರೂ 1949ರವರೆಗೆ ಅಂತಿಮ ಮೇಲ್ಮನವಿಗಳನ್ನು ಆಲಿಸುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಆಸ್ತಿ ಮತ್ತು ನಾಗರಿಕ ಹಕ್ಕುಗಳ ಮೇಲೆ ಪ್ರಾಂತ್ಯಗಳಿಗಿದ್ದ ಅಧಿಕಾರವನ್ನು ಬಹಳ ವಿಶಾಲವಾಗಿ ಅರ್ಥೈಸಿದ್ದರಿಂದ ಪ್ರಾಂತ್ಯಗಳೇ ಬಲಗೊಂಡವು.

ಭಾರತದಲ್ಲಿ ಕೇಂದ್ರ, ರಾಜ್ಯ, ಸಮವರ್ತಿ (ಎರಡೂ ಸರ್ಕಾರಗಳು ಕಾನೂನು ಮಾಡಬಹುದಾದ ವಿಷಯಗಳದು) ಎಂಬ ಮೂರು ಪಟ್ಟಿಗಳಿವೆ. ಶೇಷಾಧಿಕಾರ 248ನೇ ವಿಧಿಯ ಪ್ರಕಾರ ಸಂಸತ್ತಿನದು. ಇಲ್ಲಿ ನಾನು ಹೆಚ್ಚು ಮಹತ್ವ ಕೊಡುವುದು, ಪಟ್ಟಿಗಳನ್ನೇ ಬದಲಿಸಬಹುದು ಎಂಬ ಅಂಶಕ್ಕೆ: 1976ರ 42ನೇ ತಿದ್ದುಪಡಿಯು ಶಿಕ್ಷಣ ಮತ್ತು ಅರಣ್ಯವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಒಯ್ದಿತು.

ಇನ್ನು ಪಟ್ಟಿಯ ಗೊಡವೆಯೇ ಇಲ್ಲದ ದಾರಿಯೊಂದಿದೆ, ಅದು ಹಣದ್ದು. ಮದ್ಯ ಖರೀದಿಯ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನದ ಒಂದು ಪಾಲನ್ನು ತಡೆಹಿಡಿಯುವುದಾಗಿ ಅಮೆರಿಕದ ಕಾಂಗ್ರೆಸ್ 1984ರಲ್ಲಿ ಕಾನೂನು ಮಾಡಿತು. ದಕ್ಷಿಣ ಡಕೋಟ ರಾಜ್ಯ ಇದನ್ನು ಪ್ರಶ್ನಿಸಿ 1987ರಲ್ಲಿ ಸೋತಿತು. 1988ರ ಹೊತ್ತಿಗೆ 50 ರಾಜ್ಯಗಳೂ ತಮ್ಮ ತಮ್ಮ ಶಾಸನಸಭೆಗಳ ಮೂಲಕವೇ ವಯಸ್ಸನ್ನು 21 ಎಂದು ನಿಗದಿಪಡಿಸಿದ್ದವು.