ಅಪ್ಪನ ಮೆಡಲ್ ಮಗಳು ಹಾಕ್ಕೋಬಹುದಾ?

ಪ್ರಶ್ನೆ: ನಮಸ್ತೆ ಸರ್. ನಮ್ಮಪ್ಪ ಆರ್ಮಿಯ ಮದ್ರಾಸ್ ಸ್ಯಾಪರ್ಸ್ ಅನ್ನೋ ಎಂಜಿನಿಯರ್ ಪಡೆಯಲ್ಲಿದ್ರು, 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ತೀರ್ಕೊಂಡ್ರು, ಆಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅಮ್ಮನ ಟ್ರಂಕಲ್ಲಿ ಮೂರು ಮೆಡಲ್ ಇವೆ: ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ರಕ್ಷಾ ಮೆಡಲ್. ಡಿಸೆಂಬರ್ 16ಕ್ಕೆ ನಮ್ಮನ್ನ ಮಿಲಿಟರಿ ಮೆಮೋರಿಯಲ್‌ಗೆ ಕರ್ದಿದಾರೆ. ನಾನು ಹಾಕ್ಕೊಂಡು ಹೋಗ್ಬೋದಾ, ಯಾವ ಕಡೆ? ಮೊಮ್ಮಗ ಬೇರೆ ಸ್ಕೂಲ್ ಫ್ಯಾನ್ಸಿ ಡ್ರೆಸ್‌ಗೆ ಅಂತ ಮರೂನ್ ಟೋಪಿ, ಬಲಿದಾನ್ ಬ್ಯಾಡ್ಜ್ ತಗೊಂಡಿದಾನೆ, ಮುತ್ತಾತನ ಮೆಡಲೂ ಬೇಕಂತೆ.
– ಹಲಸೂರಿನ ಓದುಗರು

ಉತ್ತರ: ಖಂಡಿತ ಹಾಕ್ಕೊಳ್ಳಿ ಅಮ್ಮ, ಆದ್ರೆ ಬಲಗಡೆ. ಎಡಗಡೆ ಎದೆ ಮೆಡಲ್ ಗಳಿಸಿದವರದ್ದು, ಅಲ್ಲಿ ಹಾಕೋ ಹಕ್ಕು ನಿಮ್ಮಪ್ಪನಿಗೆ ಮಾತ್ರ ಇತ್ತು. ಬಲಗಡೆ ಹಾಕಿದ್ರೆ ಇದು ನಂದಲ್ಲ, ನಮ್ಮನೆಯವರದ್ದು ಅಂತ ನೋಡಿದ ಯಾವ ಸೈನಿಕನಿಗಾದ್ರೂ ತಕ್ಷಣ ಗೊತ್ತಾಗುತ್ತೆ. ಹುತಾತ್ಮರ ಮನೆಯವರು ಯುದ್ಧಸ್ಮಾರಕದಲ್ಲಿ ಗೌರವ ಸಲ್ಲಿಸೋವಾಗ ಸಾದಾ ಬಟ್ಟೆ ಮೇಲೆ ಹೀಗೆ ಹಾಕ್ಕೊಳ್ಳೋಕೆ ಆರ್ಮಿನೇ ಒಪ್ಪಿಗೆ ಕೊಟ್ಟಿದೆ, ಹಾಗಾಗಿ ಯಾರಾದ್ರೂ ಏನಾದ್ರೂ ಅಂತಾರೇನೋ ಅನ್ನೋ ಅಳುಕೇ ಬೇಡ.

ಒಂದು ವಿಷಯ, ಸೀರೆ ಉಡ್ತೀರಾದ್ರೆ ಸೆರಗು ಎಡ ಭುಜಕ್ಕೆ ಹೋಗುತ್ತೆ, ಬಲಗಡೆ ಸಿಗೋದು ಬ್ಲೌಸ್ ಮಾತ್ರ, ಮೂರು ಮೆಡಲ್ ಭಾರಕ್ಕೆ ಬಟ್ಟೆ ಜಗ್ಗಿ ಮೆಡಲ್ ಮುಂದಕ್ಕೆ ಬಾಗುತ್ತೆ. ಬೆಂಗಳೂರಲ್ಲಿ ಡಿಸೆಂಬರ್ ಬೆಳಿಗ್ಗೆ ಹೇಗೂ ಚಳಿ ಇರುತ್ತಲ್ಲ, ಮೇಲೊಂದು ದಪ್ಪ ಕೋಟೋ ಸ್ವೆಟರೋ ಹಾಕಿ ಅದಕ್ಕೆ ಪಿನ್ ಮಾಡಿ.

ಇನ್ನು ಪಾಲಿಶ್. ದಯವಿಟ್ಟು ಬ್ರಾಸೋ ಹಾಕಿ ತಿಕ್ಕಬೇಡಿ! ಆ ದುಂಡನೆ ಮೆಡಲ್‌ಗಳ ಅಂಚನ್ನ ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ನಿಮ್ಮಪ್ಪನ ನಂಬರು, ರ‍್ಯಾಂಕು, ಹೆಸರು ಕೆತ್ತಿರ್ತಾರೆ. ಎಷ್ಟೋ ಮನೇಲಿ ಇದು ಗೊತ್ತೇ ಇರಲ್ಲ, ವರ್ಷಕ್ಕೊಂದ್ಸಲ ಫಳಫಳ ಅನ್ನಿಸ್ತೀವಿ ಅಂತ ಉಜ್ಜಿ ಉಜ್ಜಿ ಹೆಸರೇ ಅಳಿಸಿ ಹಾಕ್ತಾರೆ, ಹೆಸರು ಹೋದ್ಮೇಲೆ ಅದು ಯಾರ ಮೆಡಲ್ ಅಂತ ಹೇಳೋದು ಹೇಗೆ? ಒಣಗಿದ ಮೆತ್ತನೆ ಬಟ್ಟೇಲಿ ಒರೆಸಿದ್ರೆ ಸಾಕು. ರಿಬ್ಬನ್ ಮಾಸಿದ್ರೆ ಅದನ್ನ ಮಾತ್ರ ಹೊಸದು ಹಾಕಿಸಬಹುದು, ಹಳೇದನ್ನ ಬಿಸಾಕ್ಬೇಡಿ.

ಸಾಲಾಗಿ ಹೊಲಿಸೋದಾದ್ರೆ ಕ್ರಮ ಮುಖ್ಯ. ಮೊದಲು ಪಶ್ಚಿಮಿ ಸ್ಟಾರ್, ಆಮೇಲೆ 1965ರ ರಕ್ಷಾ ಮೆಡಲ್, ಆಮೇಲೆ 1971ರ ಸಂಗ್ರಾಮ್ ಮೆಡಲ್. ಎದುರಿಗೆ ನಿಂತು ನೋಡೋರಿಗೆ ಎಡತುದಿಯಲ್ಲಿ ಕಾಣೋದು ಗೌರವದಲ್ಲಿ ದೊಡ್ಡದು. ಸೈನಿಕನ ಯೂನಿಫಾರ್ಮ್ ಮೇಲೆ ಅದು ಎದೆಯ ಮಧ್ಯಕ್ಕೆ ಹತ್ರ ಬರುತ್ತೆ, ಶೌರ್ಯದ ಮೆಡಲ್‌ಗಳಲ್ಲಿ ಪರಮವೀರ ಚಕ್ರ ಇದ್ರೆ ಮೊದಲು ಅದು.

ಮೊಮ್ಮಗನ ವಿಷಯ. ಮಗು ವೇಷ ಹಾಕೋದಕ್ಕೆ ಯಾರೂ ಕೇಸ್ ಹಾಕಲ್ಲ. ಸೈನಿಕ ಅಂತ ನಂಬಿಸೋ ಉದ್ದೇಶದಿಂದ ಡ್ರೆಸ್ಸೋ ಬ್ಯಾಡ್ಜೋ ಹಾಕೋದು ತಪ್ಪು, ಭಾರತೀಯ ನ್ಯಾಯ ಸಂಹಿತೆ 168ನೇ ಸೆಕ್ಷನ್ ಅದಕ್ಕೇ ಇರೋದು. ಆದ್ರೂ ಆ ಬಲಿದಾನ್ ಬ್ಯಾಡ್ಜ್ ತೆಗೆಸಿಬಿಡಿ ಅಂತೀನಿ. ಅದು ಪ್ಯಾರಾ ಸ್ಪೆಷಲ್ ಫೋರ್ಸಸ್‌ನೋರದ್ದು, ಅಂದ್ರೆ ಪ್ಯಾರಾಶೂಟ್ ರೆಜಿಮೆಂಟಿನ ಕಮಾಂಡೋಗಳದ್ದು, ಎಂಥೆಂಥ ಗಟ್ಟಿ ಹುಡುಗ್ರೂ ಪ್ರೊಬೇಷನ್‌ನಲ್ಲಿ ಅರ್ಧಕ್ಕೇ ವಾಪಸ್ ಬರ್ತಾರೆ, ಉಳಿದವರ ಎದೆ ಮೇಲೆ ಮಾತ್ರ ಅದು ಕೂರೋದು. 2019ರ ವರ್ಲ್ಡ್ ಕಪ್‌ನಲ್ಲಿ ಧೋನಿ ಗ್ಲೌಸ್ ಮೇಲೆ ಅದೇ ಗುರುತು ಇತ್ತು, ಐಸಿಸಿ ತೆಗೆಸಿದ್ದು ನೆನಪಿರಬಹುದು. ಮರೂನ್ ಟೋಪಿನೂ ಪ್ಯಾರಾದವರದ್ದೇ. ನಿಮ್ಮ ಹುಡುಗನ ಮುತ್ತಾತ ಸ್ಯಾಪರ್, ಸೇತುವೆ ಕಟ್ಟಿ ಮೈನ್ ತೆಗೆದು ಸೈನ್ಯಕ್ಕೆ ದಾರಿ ಮಾಡಿಕೊಡೋ ಪಡೆ, 1780ರಿಂದ ಇದೆ, ಅವರ ಸೆಂಟರ್ ನಿಮ್ಮ ಹಲಸೂರು ಕೆರೆ ಪಕ್ಕದಲ್ಲೇ ಇದೆ. ಸ್ಯಾಪರ್ ವೇಷಾನೇ ಹಾಕ್ಸಿ, ಆ ಕಥೆನೇ ಸ್ಟೇಜ್ ಮೇಲೆ ಹೇಳ್ಸಿ. ಅಸಲಿ ಮೆಡಲ್ ಮಾತ್ರ ಸ್ಕೂಲಿಗೆ ಕಳಿಸ್ಬೇಡಿ, ಕಳೆದ್ರೆ ಕಷ್ಟ.

ಪ್ರಶ್ನೆ: ಟಿವಿಲಿ ಜನರಲ್‌ಗಳ ಭುಜದಲ್ಲಿ ಮೊದಲು ಹಗ್ಗದ ಥರ ನೇತಾಡ್ತಿತ್ತಲ್ಲ, ಈಗ ಯಾಕಿಲ್ಲ?
– ಯಲಹಂಕದ ಓದುಗರು

ಉತ್ತರ: ಅದು ಲ್ಯಾನ್ಯಾರ್ಡ್, ರೆಜಿಮೆಂಟ್ ಗುರುತಿಗೆ ಭುಜಕ್ಕೆ ಹಾಕೋ ಹಗ್ಗ. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತೆ ಅದಕ್ಕಿಂತ ಮೇಲಿನವರಿಗೆಲ್ಲ ಒಂದೇ ಥರ ಯೂನಿಫಾರ್ಮ್: ಟೋಪಿ, ಭುಜದ ಬ್ಯಾಡ್ಜು, ಕಾಲರ್ ಮೇಲಿನ ಕೆಂಪು ಪಟ್ಟಿ, ಬೆಲ್ಟು, ಶೂ ಎಲ್ಲ ಒಂದೇ, ಲ್ಯಾನ್ಯಾರ್ಡ್ ಇಲ್ಲವೇ ಇಲ್ಲ. ಆ ಮಟ್ಟಕ್ಕೆ ಹೋದವರ ಕೈಕೆಳಗೆ ಎಲ್ಲ ರೆಜಿಮೆಂಟ್‌ನೋರೂ ಇರ್ತಾರೆ, ಸಾಹೇಬ್ರು ಯಾವ ರೆಜಿಮೆಂಟ್ ಅನ್ನೋದು ಬಟ್ಟೇಲಿ ಕಾಣಬಾರದು ಅಂತ. ನನಗಂತೂ ಇದು ಸರಿ ಅನ್ಸುತ್ತೆ. ರ‍್ಯಾಂಕ್ ಗುರುತು ಹಿಡಿಯೋದು ಮೊದಲಿನ ಹಾಗೇನೇ: ಅಶೋಕ ಸ್ತಂಭದ ಸಿಂಹದ ಜೊತೆ ಮೂರು ಸ್ಟಾರ್ ಇದ್ರೆ ಬ್ರಿಗೇಡಿಯರ್, ಕತ್ತಿ-ಬ್ಯಾಟನ್ ಅಡ್ಡಡ್ಡ ಇದ್ದು ಮೇಲೊಂದು ಸ್ಟಾರ್ ಇದ್ರೆ ಮೇಜರ್ ಜನರಲ್, ಸ್ಟಾರ್ ಬದಲು ಸಿಂಹ ಇದ್ರೆ ಲೆಫ್ಟಿನೆಂಟ್ ಜನರಲ್. ಕರ್ನಲ್ ಮತ್ತೆ ಅದಕ್ಕಿಂತ ಕೆಳಗಿನವರ ಯೂನಿಫಾರ್ಮ್‌ನಲ್ಲಿ ಇದರಿಂದ ಏನೂ ಬದಲಾಗಿಲ್ಲ.